ರೈಲು ಹಳಿಯ ಮೇಲೆ ಒಂದು ಫಿಸಿಕ್ಸ್ ಪಾಠ

ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಡೆಬಿಟ್ಟು-ಕ್ರೆಡಿಟ್ಟು ಬರೆದವನು. ಅಂಥವನು ಫಿಸಿಕ್ಸ್ ಬಗ್ಗೆ ಬರೆಯಲು ಕೂತಿದ್ದಾನೆ ಅಂದರೆ ನಿಮಗೆ ನಗು ಬರಬಹುದು. ಒಮ್ಮೆ ನಕ್ಕುಬಿಡಿ, ಆಮೇಲೆ ಮುಂದೆ ಓದಿ. ಲೆಕ್ಕದಲ್ಲಿ ತಪ್ಪು ಕಂಡರೆ ಮೇಷ್ಟರುಗಳು ಯಾರಾದರೂ ತಿದ್ದಿ.

ಶುರುವಾದದ್ದು ಹೀಗೆ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಧಾರವಾಡ ಕಡೆಯವರ ಒಂದು ಸಂಸಾರ ಇದೆ. ಅವರ ಮಗಳು ಒಂಬತ್ತನೇ ಕ್ಲಾಸು. ಒಂದು ಭಾನುವಾರ ಮಧ್ಯಾಹ್ನ ಪುಸ್ತಕ ಹಿಡಿದುಕೊಂಡು ಬಂದಳು. "ಕಾಕಾ, ನೀವು ಬ್ಯಾಂಕಿನ್ಯಾಗ ಇದ್ದೀರಿ, ಲೆಕ್ಕ ಬರ್ತದಲ್ರಿ, ಇದೊಂದು ಹೇಳಿಕೊಡ್ರಿ" ಅಂದಳು. ಇಲ್ಲಿಯ ಬೋರ್ಡಿನ ಒಂಬತ್ತನೆಯ ವಿಜ್ಞಾನ ಪುಸ್ತಕದ ಮೊದಲ ಪಾಠವೇ ಚಲನೆಯ ನಿಯಮಗಳು, ಎರಡನೆಯದು ಕೆಲಸ ಮತ್ತು ಶಕ್ತಿ. ಲೆಕ್ಕ ಏನಪ್ಪಾ ಅಂದರೆ, ಒಬ್ಬ 'ಎ' ಯಿಂದ 'ಬಿ' ಗೆ ಇಷ್ಟು ಹೊತ್ತಿನಲ್ಲಿ ಹೋಗುತ್ತಾನೆ, ಸರಾಸರಿ ವೇಗ ಎಷ್ಟು? "ಈ ಎ, ಬಿ ಎಲ್ಲಿ ಅದಾವ್ರಿ?" ಅಂತ ಅವಳೇ ಕೇಳಿದಳು. ನಾನು ತಮಾಷೆಗೆ, "ಎ ಅಂದರೆ ಬೋರಿಬಂದರ್, ಬಿ ಅಂದರೆ ಠಾಣೆ ಅಂತ ಇಟ್ಕೋ ಮಗೂ" ಅಂದೆ.

ಹಾಗೆ ಹೇಳಿದ ಮೇಲೆ ನನಗೇ ಹೊಳೆಯಿತು. ಇದು ತಮಾಷೆ ಅಲ್ಲ, ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲಿನ ಲೆಕ್ಕವೇ ಇದು. 1853ರ ಏಪ್ರಿಲ್ 16, ಮಧ್ಯಾಹ್ನ ಮೂರೂವರೆ ದಾಟಿದ ಹೊತ್ತು. ಬೋರಿಬಂದರಿನಿಂದ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು ಹದಿನಾಲ್ಕು ಗಾಡಿಗಳಲ್ಲಿ ಸುಮಾರು ನಾನೂರು ಅತಿಥಿಗಳನ್ನು ಕೂರಿಸಿಕೊಂಡು, 21 ತೋಪುಗಳ ಸಲಾಮಿನೊಂದಿಗೆ ಠಾಣೆಗೆ ಹೊರಟವು. ದೂರ 21 ಮೈಲಿ, ಇಂದಿನ ಲೆಕ್ಕದಲ್ಲಿ 34 ಕಿಲೋಮೀಟರ್. ಹಿಡಿದ ಸಮಯಕ್ಕೆ ಪುಸ್ತಕಗಳಲ್ಲಿ ಎರಡು ಉತ್ತರ ಸಿಗುತ್ತವೆ: ಕೆಲವರು 57 ನಿಮಿಷ ಅನ್ನುತ್ತಾರೆ, ಕೆಲವರು ಒಂದೂಕಾಲು ಗಂಟೆ. ಮೊದಲನೆಯದಾದರೆ ಸರಾಸರಿ ವೇಗ ಗಂಟೆಗೆ ಹತ್ತಿರ ಹತ್ತಿರ 36 ಕಿ.ಮೀ., ಎರಡನೆಯದಾದರೆ 27.

ನಮ್ಮ ಹುಡುಗಿಗೆ ಇದು ಸರಿಬರಲಿಲ್ಲ. "ಯಾವುದು ಖರೇ?" ಅಂದಳು. ನಾನು ಹೇಳಿದೆ, ನೋಡಮ್ಮಾ, ಪರೀಕ್ಷೆಯಲ್ಲಿ ಸಮಯ ಕೊಟ್ಟಿರುತ್ತಾರೆ, ನಿಜ ಜೀವನದಲ್ಲಿ ಅದನ್ನು ಯಾರಾದರೂ ಅಳೆಯಬೇಕು. ಗಡಿಯಾರವನ್ನು ಯಾವಾಗ ಶುರುಮಾಡಿದರು, ದಾರಿಯಲ್ಲಿ ನಿಂತದ್ದನ್ನು ಸೇರಿಸಿದರೋ ಬಿಟ್ಟರೋ, ಅದರ ಮೇಲೆ ಉತ್ತರ. ನಮ್ಮ ಬ್ಯಾಂಕಿನಲ್ಲೂ ಹಾಗೇ. ಬಡ್ಡಿ ಎಷ್ಟು ಅಂತ ಕೇಳುವ ಮೊದಲು ಯಾವ ತಾರೀಖಿನಿಂದ ಅಂತ ಕೇಳಬೇಕು.

ಇನ್ನೊಂದು ಸ್ವಾರಸ್ಯ ನೋಡಿ. ಇವತ್ತು ನೀವು ಸಿಎಸ್‌ಎಂಟಿಯಿಂದ ಠಾಣೆಗೆ ಸ್ಲೋ ಲೋಕಲ್ ಹಿಡಿದರೆ ಒಂದು ಗಂಟೆ ಹತ್ತಿರ ಹತ್ತಿರ ಬೇಕು. ಅಂದರೆ ನೂರಎಪ್ಪತ್ತು ವರ್ಷ ಆದಮೇಲೂ ಸರಾಸರಿ ವೇಗ ಆ ಮೂರು ಹೊಗೆ ಎಂಜಿನ್ನುಗಳಷ್ಟೇ! ಆದರೆ ಅದು ನಿಧಾನದ ಗಾಡಿ ಅಲ್ಲ. ಮಸ್ಜಿದ್‌ನಿಂದ ಮುಲುಂಡ್‌ವರೆಗೆ ಹದಿನೇಳು ಕಡೆ ನಿಲ್ಲುತ್ತದೆ, ಹದಿನೇಳು ಸಲ ಸೊನ್ನೆಗೆ ಇಳಿದು ಹದಿನೇಳು ಸಲ ಮತ್ತೆ ಏರುತ್ತದೆ. ಸರಾಸರಿ ಅನ್ನುವುದು ಎಂಥ ಮಳ್ಳ ಅಂತ ಅಕೌಂಟ್ಸ್ ಓದಿದವರಿಗೆ ಗೊತ್ತು. ಒಂದು ತಿಂಗಳ ಸರಾಸರಿ ಬ್ಯಾಲೆನ್ಸ್ ಹತ್ತು ಸಾವಿರ ಇದ್ದವನ ಖಾತೆಯಲ್ಲಿ ನಡುವೆ ಒಂದು ದಿನ ಹತ್ತು ರೂಪಾಯಿಯೂ ಇಲ್ಲದೇ ಇರಬಹುದು. ಸರಾಸರಿ ಬೇರೆ, ಈ ಕ್ಷಣದ ವೇಗ ಬೇರೆ, ಆ ವೇಗ ಎಷ್ಟು ಬೇಗ ಹೆಚ್ಚುತ್ತದೆ ಅನ್ನುವುದು ಇನ್ನೂ ಬೇರೆ.

ಈ ಮೂರನೆಯದಕ್ಕೆ ನಮ್ಮ ಕಾಲದ ಕನ್ನಡ ಪುಸ್ತಕದಲ್ಲಿ 'ವೇಗೋತ್ಕರ್ಷ' ಅಂತ ಹೆಸರು. ನಾನು ಕುಂದಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಓದಿದವನು, ಆ ಶಬ್ದ ಇನ್ನೂ ಬಾಯಲ್ಲಿದೆ. ಜಡತ್ವ, ಸಂವೇಗ, ಪ್ರಚ್ಛನ್ನ ಶಕ್ತಿ... ಏನು ಗಾಂಭೀರ್ಯ! ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಮುಂದೆ 1930ರ ದಶಕದಲ್ಲಿ ನಮ್ಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ಇಂಥವರು ಬೆವರು ಸುರಿಸಿ ಉಳಿಸಿದ ಶಬ್ದಗಳಿವು. ಹುಡುಗಿಯ ಗೆಳತಿಯ ಮರಾಠಿ ಪುಸ್ತಕ ತರಿಸಿ ನೋಡಿದೆ. ಅಲ್ಲಿ ಸಂವೇಗ ಸಂವೇಗವೇ, ಜಡತ್ವ ಜಡತ್ವವೇ. ಆದರೆ ಒಂದು ಮೋಸ ಇದೆ, ಎಚ್ಚರ. ನಮ್ಮ 'ಶಕ್ತಿ' ಅವರಿಗೆ 'ಊರ್ಜಾ'. ಅವರ 'ಶಕ್ತಿ' ನಮ್ಮ 'ಸಾಮರ್ಥ್ಯ'. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಮಕ್ಕಳು ಇಲ್ಲಿ ಎಡವುತ್ತಾರೆ. ಇನ್ನು ದಿಕ್ಕಿನ ಲೆಕ್ಕ ಇಲ್ಲದ ಬರೀ ವೇಗಕ್ಕೆ, ಅಂದರೆ ನಮ್ಮ 'ಜವ'ಕ್ಕೆ, ಮರಾಠಿಯಲ್ಲಿ 'ಚಾಲ್' ಅನ್ನುತ್ತಾರೆ. ಮುಂಬಯಿಗೆ ಬಂದ ನಮ್ಮವರೆಲ್ಲ ಮೊದಲು ಕಂಡ ವಾಸದ ಚಾಲಿಗೂ ಹತ್ತಿರ ಹತ್ತಿರ ಅಂಥದ್ದೇ ಶಬ್ದ. ಒಂದು ಓಡುವುದು, ಇನ್ನೊಂದು ಅಲ್ಲಾಡದೇ ಇರುವುದು.

ಅಳತೆಯ ಕಥೆಗೆ ಮರಳುತ್ತೇನೆ, ಯಾಕೆಂದರೆ ನನಗೆ ಇಷ್ಟವಾದದ್ದು ಅದೇ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಮುಂಬಯಿ ಇರುವುದು ಸುಮಾರು 72.8 ಡಿಗ್ರಿ ಪೂರ್ವಕ್ಕೆ. ನಾಲ್ಕರಿಂದ ಗುಣಿಸಿ, 291 ನಿಮಿಷ, ಅಂದರೆ 4 ಗಂಟೆ 51 ನಿಮಿಷ. ಗ್ರೀನಿಚ್‌ಗಿಂತ ಇಷ್ಟು ಮುಂದಿದ್ದದ್ದೇ ಆಗಿನ 'ಬಾಂಬೆ ಟೈಮ್'. ಮದ್ರಾಸು ಇನ್ನೂ ಪೂರ್ವಕ್ಕಿರುವುದರಿಂದ ಅದರ ಸಮಯ ಅರ್ಧ ಗಂಟೆ ಮುಂದೆ. ರೈಲುಗಳು ಊರೂರಿಗೆ ಒಂದೊಂದು ಗಡಿಯಾರ ಇಟ್ಟುಕೊಂಡು ಓಡುವುದು ಸಾಧ್ಯವೇ? 1870ರ ದಶಕದ ಹೊತ್ತಿಗೆ ರೈಲುಗಳಿಗೆ ಮದ್ರಾಸ್ ಟೈಮ್ ಬಂತು. ಊರಿನಲ್ಲಿ ಒಂದು ಹೊತ್ತು, ಸ್ಟೇಷನ್ನಿನಲ್ಲಿ ಇನ್ನೊಂದು ಹೊತ್ತು! 1906ರ ಜನವರಿ 1ರಿಂದ 82.5 ಡಿಗ್ರಿಯ ಲೆಕ್ಕದಲ್ಲಿ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂದರೂ ಮುಂಬಯಿ ಜನ ಜಗ್ಗಲಿಲ್ಲ. 39 ನಿಮಿಷ ಹಿಂದಿನ ಬಾಂಬೆ ಟೈಮ್ ಇಲ್ಲಿ 1955ರ ತನಕ ಉಳಿದುಕೊಂಡಿತ್ತು. ಇವತ್ತಿಗೂ ಯಾರಾದರೂ ಆಫೀಸಿಗೆ 39 ನಿಮಿಷ ತಡವಾಗಿ ಬಂದರೆ ಬಾಂಬೆ ಟೈಮ್ ಪ್ರಕಾರ ಸರಿಯಾಗಿಯೇ ಬಂದಿದ್ದಾರೆ ಅನ್ನಬಹುದು (ನಮ್ಮ ಮ್ಯಾನೇಜರು ಒಪ್ಪಲಿಲ್ಲ).

ತೂಕದ್ದೂ ಇದೇ ಪಾಡು. ಬಾಂಬೆ ಮಣ ಅಂದರೆ 28 ಪೌಂಡು, ಬಂಗಾಳದ ಮಣ ಅಂದರೆ 82 ಪೌಂಡು ಚಿಲ್ಲರೆ. ನಮ್ಮ ಕರಾವಳಿಯಲ್ಲಿ ಅಕ್ಕಿಗೆ ಮುಡಿ, ಕಳಸಿಗೆ, ಸೇರು. ಘಟ್ಟ ಹತ್ತಿದರೆ ಪಲ್ಲ, ಕೊಳಗ, ಬಳ್ಳ. 1956ರ ಕಾನೂನು ಬಂದ ಮೇಲೆ ಮೆಟ್ರಿಕ್ ಅಳತೆ ಹಂತಹಂತವಾಗಿ ಜಾರಿಗೆ ಬಂತು. ದುಡ್ಡಿನಲ್ಲಿ ದಶಮಾಂಶ 1957ರ ಏಪ್ರಿಲ್ 1ರಿಂದ. ನನ್ನ ಅಜ್ಜ ಸಾಯುವವರೆಗೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದರು. ಎಲ್ಲರ ಸೇರು ಒಂದೇ ಆಗದೆ ನನ್ನ ಲೆಕ್ಕವನ್ನು ನೀವು ಪರೀಕ್ಷಿಸುವುದು ಹೇಗೆ? ವಿಜ್ಞಾನಕ್ಕೂ ವ್ಯಾಪಾರಕ್ಕೂ ಬೇಕಾದದ್ದು ಒಂದೇ: ಇಬ್ಬರಿಗೂ ಒಪ್ಪಿಗೆಯಾಗುವ ಅಳತೆಗೋಲು.

ನಮ್ಮ ಲೋಕಲ್ ಹಳಿಯಲ್ಲಿ ಅಂಥ ಅಳತೆಗೋಲು ನಿಂತೇ ಇದೆ, ನೀವು ನೋಡಿರುತ್ತೀರಿ, ಗಮನಿಸಿರಲಿಕ್ಕಿಲ್ಲ. ಮೇಲಿನ ಕರೆಂಟ್ ತಂತಿಯನ್ನು ಹಿಡಿದಿರುವ ಕಬ್ಬಿಣದ ಕಂಬಗಳ ಮೇಲೆ ನಂಬರು ಬರೆದಿರುತ್ತದೆ. 41/1, 41/3 ಹೀಗೆ. ಮೊದಲ ಅಂಕಿ ಸಿಎಸ್‌ಎಂಟಿಯಿಂದ ಕಿಲೋಮೀಟರ್, ಎರಡನೆಯದು ಆ ಕಿಲೋಮೀಟರಿನೊಳಗಿನ ಕಂಬದ ನಂಬರು. 41/1 ದಾಟುವಾಗ ವಾಚ್ ನೋಡಿ, 42/1 ದಾಟುವಾಗ ಮತ್ತೆ ನೋಡಿ. ಐವತ್ತು ಸೆಕೆಂಡ್ ಆಗಿದ್ದರೆ 3600ನ್ನು 50ರಿಂದ ಭಾಗಿಸಿ. ಗಂಟೆಗೆ 72 ಕಿ.ಮೀ. ಖರ್ಚಿಲ್ಲದ ಲ್ಯಾಬೊರೇಟರಿ.

ಇದನ್ನು ನನಗೆ ಕಲಿಸಿದ್ದು ನನ್ನ ರೂಮ್‌ಮೇಟ್.

1991ರಲ್ಲಿ ನಾನು ಊರಿಂದ ಬಸ್ಸು ಹತ್ತಿ ಬಂದಾಗ ಡೊಂಬಿವಲಿಯ ಒಂದು ರೂಮಿನಲ್ಲಿ ಐದು ಜನ ಇದ್ದೆವು. ಎಲ್ಲ ನಮ್ಮ ಕಡೆಯ ಹುಡುಗರೇ. ಅವರಲ್ಲಿ ಬೈಂದೂರು ಕಡೆಯವನೊಬ್ಬ ಬಿ.ಎಸ್ಸಿ., ಅದೂ ಫಿಸಿಕ್ಸ್ ತೆಗೆದುಕೊಂಡವನು. ಹೆಸರು ಇಲ್ಲಿ ಬೇಡ. ಊರಿನಲ್ಲಿ ಮೇಷ್ಟರ ಕೆಲಸ ಸಿಗದೆ ಇಲ್ಲಿ ಕುರ್ಲಾದ ಒಂದು ಆಫೀಸಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಕಲಿಸುವ ಚಟ ಮಾತ್ರ ಬಿಟ್ಟಿರಲಿಲ್ಲ. ರಜಾ ದಿನ ಹೋಟೆಲ್ ಹುಡುಗರು ಯಾರಾದರೂ ರಾತ್ರಿಶಾಲೆಯ ಪುಸ್ತಕ ತಂದರೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದ. ಗ್ಲಾಸು, ತಟ್ಟೆ, ತೂಗುಹಾಕಿದ ಬೀಗದ ಕೈ, ಎಲ್ಲವೂ ಅವನಿಗೆ ಪ್ರಯೋಗದ ಸಾಮಾನು. ಕಿಸೆಯಲ್ಲಿ ಒಂದು ಪುಟ್ಟ ಡೈರಿ, ಅದರಲ್ಲಿ ಕಂಬದ ನಂಬರು, ಸೆಕೆಂಡು, ವೇಗ. ನಾನು ಕೇಳುತ್ತಿದ್ದೆ, "ಮಾರಾಯ, ಇದರಿಂದ ಏನು ಲಾಭ?" ಅವನು, "ನಿಂಗೆ ಪಾಸ್‌ಬುಕ್ಕು, ನಂಗೆ ಇದು" ಅನ್ನುತ್ತಿದ್ದ.

ಬೋರಘಾಟಿನ ಕಥೆಯನ್ನೂ ಮೊದಲು ಕೇಳಿದ್ದು ಅವನಿಂದಲೇ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯಿಂದ ಪುಣೆಯ ಮೇಲೆ ರೈಲಿನಲ್ಲಿ ಬಂದವರೆಲ್ಲ ಈ ಘಾಟಿ ಇಳಿದೇ ಕಲ್ಯಾಣ ಮುಟ್ಟಿದವರು. ಠಾಣೆಯಿಂದ ಕಲ್ಯಾಣಕ್ಕೆ ರೈಲು ಬಂದದ್ದು 1854ರ ಮೇ 1ರಂದು. ಅಲ್ಲಿಂದ ಮುಂದೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿತ್ತು. ಕರ್ಜತ್ ಕಡೆಯಿಂದ ಖಂಡಾಲಕ್ಕೆ ಸುಮಾರು 25 ಕಿ.ಮೀ. ದಾರಿಯಲ್ಲಿ ಏರಬೇಕಾದದ್ದು ಸುಮಾರು 1,830 ಅಡಿ, ಅಂದರೆ 560 ಮೀಟರ್ ಹತ್ತಿರ. 25 ಸುರಂಗ ಕೊರೆದರು. ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಬಂದು ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಗುತ್ತಿಗೆ ಬಿಡದೆ ಎಂಜಿನಿಯರುಗಳನ್ನು ಇಟ್ಟುಕೊಂಡು ಕೆಲಸ ಮುಗಿಸಿದಳು. 1863ರಲ್ಲಿ ರೈಲು ಓಡಿತು. ಕಾಲರಾ, ಜ್ವರ, ಬಂಡೆ ಸಿಡಿತಗಳಲ್ಲಿ ಸಾವಿರಾರು ಕೂಲಿಗಳು ಸತ್ತರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಈ ಘಾಟಿಯಲ್ಲಿ ಏರು 37ಕ್ಕೆ 1 ಎಂಬ ಮಟ್ಟ ಮುಟ್ಟುತ್ತದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಕೇಳಲು ಏನೂ ಅಲ್ಲ, ನಮ್ಮ ಮನೆಯ ಜಗಲಿಯ ಇಳಿಜಾರೂ ಅಷ್ಟಿರುತ್ತದೆ. ಆದರೆ ಸಾವಿರ ಟನ್ನಿನ ರೈಲು ಅಂತ ಇಟ್ಟುಕೊಳ್ಳಿ, ಅದನ್ನು 37ರಿಂದ ಭಾಗಿಸಿ: 27 ಟನ್. ಗಾಡಿ ಹಿಂದಕ್ಕೆ ಜಾರದೆ ನಿಲ್ಲಲು ಮಾತ್ರ ಬೇಕಾದ ಎಳೆತ ಅಷ್ಟು. ಮುಂದೆ ಹೋಗಬೇಕಾದರೆ ಇನ್ನೂ ಬೇಕು. ಇಟಲಿಯ ಗೆಲಿಲಿಯೋ ನಾನೂರು ವರ್ಷದ ಹಿಂದೆ ಚಲನೆಯನ್ನು ಅರಿಯಲು ಹಿಡಿದದ್ದೂ ಇಳಿಜಾರನ್ನೇ. ನೇರ ಬೀಳುವ ಗುಂಡು ಕಣ್ಣಿಗೆ ಸಿಗದಷ್ಟು ಬೇಗ ಬೀಳುತ್ತದೆ, ಅದಕ್ಕೆ ಹಲಗೆಯ ಮೇಲೆ ಉರುಳಿಸಿದ. ಕೈಗಡಿಯಾರ ಇರಲಿಲ್ಲ, ಪಾತ್ರೆಯಿಂದ ಸಣ್ಣಗೆ ನೀರು ಸುರಿಸಿ, ಬಿದ್ದ ನೀರನ್ನು ತೂಗಿ ಸಮಯ ಅಳೆದ. ಇಮ್ಮಡಿ ಸಮಯಕ್ಕೆ ನಾಲ್ಮಡಿ ದೂರ ಅಂತ ಕಂಡುಕೊಂಡ. ಏರಿನಲ್ಲಿ ಎಂಜಿನ್ನಿಗೆ ಕಷ್ಟವಾದದ್ದೇ ಇಳಿತದಲ್ಲಿ ಅಪಾಯ, ಯಾಕೆಂದರೆ ಬಲ ಅದೇ.

ಇಲ್ಲಿ ನನ್ನ ವೃತ್ತಿಯವರಿಗೆ ಒಂದು ಗೌರವದ ಮಾತು. ಕರ್ಜತ್‌ನಲ್ಲಿ ರೈಲಿನ ಹಿಂದೆ ಹೆಚ್ಚಿನ ಎಂಜಿನ್ನುಗಳನ್ನು ಕಟ್ಟಿ ಘಾಟಿ ಹತ್ತಿಸುತ್ತಾರೆ. ಕಸಾರಾದಲ್ಲಿ ಇಗತ್‌ಪುರಿಯ ಘಾಟಿಗೂ ಹಾಗೆಯೇ. ಹಿಂದಿನಿಂದ ತಳ್ಳುವ ಈ ಎಂಜಿನ್ನಿಗೆ ರೈಲ್ವೆಯವರ ಭಾಷೆಯಲ್ಲಿ 'ಬ್ಯಾಂಕರ್' ಅನ್ನುತ್ತಾರೆ. ತಳ್ಳಿ ತಳ್ಳಿ ಮೇಲೆ ಹತ್ತಿಸಿದ ಮೇಲೆ ರೈಲು ತಿರುಗಿಯೂ ನೋಡದೆ ಹೋಗಿಬಿಡುತ್ತದೆ, ಬ್ಯಾಂಕರ್ ಒಂಟಿಯಾಗಿ ಕೆಳಗಿಳಿಯುತ್ತದೆ. ಸಾಲ ಕೊಟ್ಟ ಅನುಭವ ಇರುವವರಿಗೆ ಹೆಚ್ಚು ವಿವರಣೆ ಬೇಡ.

ಈಗ ಶಕ್ತಿಯ ಲೆಕ್ಕ. ಸಾವಿರ ಟನ್ನನ್ನು 560 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ: ಹತ್ತು ಲಕ್ಷ ಕೆಜಿ, ಗುಣಿಸು 9.8, ಗುಣಿಸು 560. ಸುಮಾರು 550 ಕೋಟಿ ಜೂಲ್. ಕೋಟಿ ಅಂದರೆ ಹೆದರಬೇಡಿ, ಜೂಲ್ ಬಹಳ ಸಣ್ಣ ಚಿಲ್ಲರೆ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಭಾಗಿಸಿದರೆ 1,500 ಯೂನಿಟ್ ಚಿಲ್ಲರೆ. ನಮ್ಮ ಮನೆಯಲ್ಲಿ ತಿಂಗಳಿಗೆ 150 ಯೂನಿಟ್ ಬರುತ್ತದೆ. ಅಂದರೆ ಒಂದು ರೈಲನ್ನು ಘಾಟಿ ಹತ್ತಿಸುವ ಶಕ್ತಿಯಲ್ಲಿ ನಮ್ಮ ಮನೆಯ ಫ್ಯಾನು, ದೀಪ, ಫ್ರಿಜ್ಜು ಹತ್ತು ತಿಂಗಳು ನಡೆಯುತ್ತವೆ. ತಿಕ್ಕಾಟದ ನಷ್ಟ ಬಿಟ್ಟು ಈ ಲೆಕ್ಕ.

ಮೇಲೆ ಹೋದ ಶಕ್ತಿ ಎಲ್ಲೂ ಕಳೆದುಹೋಗುವುದಿಲ್ಲ. ಪ್ರಚ್ಛನ್ನ ಶಕ್ತಿ ಅಂದರೆ ಫಿಕ್ಸೆಡ್ ಡಿಪಾಸಿಟ್. ಇಳಿಯುವಾಗ ಅಷ್ಟೂ ಚಲನಶಕ್ತಿಯಾಗಿ ವಾಪಸ್ ಬರುತ್ತದೆ. ಬೇಡ ಅಂದರೂ ಬರುತ್ತದೆ, ಅದೇ ಗೋಳು. ಬ್ರೇಕು ಅದನ್ನು ಉಜ್ಜಿ ಶಾಖ ಮಾಡಬೇಕು. ಬ್ರೇಕು ಹಿಡಿಯದಿದ್ದರೆ? ಅದಕ್ಕಾಗಿ ಘಾಟಿಯಲ್ಲಿ ಅಲ್ಲಲ್ಲಿ 'ಕ್ಯಾಚ್ ಸೈಡಿಂಗ್' ಮಾಡಿದ್ದಾರೆ. ಮುಖ್ಯ ಹಳಿಯಿಂದ ಒಡೆದು ಗುಡ್ಡದ ಮೇಲಕ್ಕೆ ಹೋಗುವ ಹಳಿ ಅದು. ಹಿಡಿತ ತಪ್ಪಿದ ಗಾಡಿ ಅದರ ಮೇಲೆ ಏರುತ್ತಾ ಏರುತ್ತಾ ತನ್ನ ಚಲನಶಕ್ತಿಯನ್ನು ಮತ್ತೆ ಎತ್ತರವಾಗಿ ಮಾರಿಕೊಂಡು ನಿಲ್ಲುತ್ತದೆ. ಶಕ್ತಿಯ ನಿಯಮವನ್ನೇ ಬ್ರೇಕಾಗಿ ಬಳಸಿದ ಬುದ್ಧಿವಂತಿಕೆ. ನನ್ನ ಗೆಳೆಯ ಇದನ್ನು ಹೇಳುವಾಗ ಕೈಯಲ್ಲಿ ಚಮಚೆ ಹಿಡಿದು, ತಟ್ಟೆಯ ಅಂಚಿನ ಮೇಲೆ ಗೋಲಿ ಏರಿಸಿ ತೋರಿಸಿದ್ದ.

ಶಕ್ತಿ ಎಲ್ಲಿಂದ ಬರುತ್ತಿತ್ತು ಅನ್ನುವುದಕ್ಕೆ ಡೊಂಬಿವಲಿಯವರು ದೂರ ಹೋಗಬೇಕಿಲ್ಲ. ಮೊದಲು ಪ್ರತಿ ಎಂಜಿನ್ನೂ ತನ್ನ ಬೆಂಕಿ, ತನ್ನ ನೀರು ತಾನೇ ಹೊತ್ತು ತಿರುಗುತ್ತಿತ್ತು. ಕಲ್ಲಿದ್ದಲಿನ ಬಿಸಿಯಲ್ಲಿ ಚಕ್ರಕ್ಕೆ ಮುಟ್ಟುತ್ತಿದ್ದುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಉಳಿದದ್ದು ಹೊಗೆ. 1925ರ ಫೆಬ್ರವರಿ 3ರಂದು ವಿಟಿಯಿಂದ ಕುರ್ಲಾಕ್ಕೆ ದೇಶದ ಮೊದಲ ಕರೆಂಟ್ ರೈಲು ಓಡಿತು, 1,500 ವೋಲ್ಟಿನ ಡಿಸಿ ಮೇಲೆ. ನಂತರ ಕಲ್ಯಾಣಕ್ಕೂ ಘಾಟಿಗೂ ಕರೆಂಟ್ ಬಂದಾಗ ರೈಲ್ವೆಯವರು ನಮ್ಮ ಪಕ್ಕದ ಠಾಕುರ್ಲಿಯಲ್ಲೇ ತಮ್ಮ ಸ್ವಂತ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಕಟ್ಟಿದರು, ಚೋಳಾ ಪವರ್ ಹೌಸ್, 1929ರ ಸುಮಾರಿಗೆ. ಬೆಂಕಿ ಹಳಿಯ ಮೇಲಿಂದ ಇಳಿದು ಒಂದು ಕಡೆ ಕೂತಿತು, ಚಲನೆ ಮಾತ್ರ ತಂತಿಯಲ್ಲಿ ಹೋಯಿತು. 1980ರ ದಶಕದ ಕೊನೆಗೆ ಅದು ಮುಚ್ಚಿತು. ನಾನು ಬಂದಾಗ ಹಾಳು ಕಟ್ಟಡ ನೋಡಿ ಗಿರಣಿ ಅಂದುಕೊಂಡಿದ್ದೆ. 2015ರ ಹೊತ್ತಿಗೆ ನಮ್ಮ ಲೈನಿನ ಡಿಸಿ ಪೂರ್ತಿ ಹೋಗಿ 25,000 ವೋಲ್ಟಿನ ಎಸಿ ಬಂತು. ವೋಲ್ಟು ಹದಿನಾರು ಹದಿನೇಳು ಪಟ್ಟು ಹೆಚ್ಚಿದರೆ ಅಷ್ಟೇ ಸಾಮರ್ಥ್ಯಕ್ಕೆ ತಂತಿಯಲ್ಲಿ ಹರಿಯುವ ಕರೆಂಟು ಅಷ್ಟು ಪಟ್ಟು ಕಡಿಮೆ, ತಂತಿ ಬಿಸಿಯಾಗಿ ಹೋಗುವ ನಷ್ಟ ಇನ್ನೂ ಎಷ್ಟೋ ಕಡಿಮೆ. 2007ರಿಂದ ಬಂದ ಹೊಸ ಲೋಕಲ್‌ಗಳು ಬ್ರೇಕ್ ಹಾಕುವಾಗ ಮೋಟರನ್ನೇ ಜನರೇಟರ್ ಮಾಡಿಕೊಂಡು ಚಲನಶಕ್ತಿಯ ಒಂದು ಪಾಲನ್ನು ತಂತಿಗೆ ವಾಪಸ್ ಜಮಾ ಮಾಡುತ್ತವೆ. ಠಾಣೆಯಲ್ಲಿ ನಿಲ್ಲುವ ಗಾಡಿಯ ವೇಗ ಕಳವಾದಲ್ಲಿ ಹೊರಡುವ ಗಾಡಿಗೆ! ನನಗೆ ಬಹಳ ಇಷ್ಟವಾದ ಎಂಟ್ರಿ ಇದು.

ಇಷ್ಟನ್ನು ಹುಡುಗಿಗೆ ಮೂರು ನಾಲ್ಕು ಭಾನುವಾರ ಹೇಳಿದೆ. ನ್ಯೂಟನ್ನನ ಮೊದಲ ನಿಯಮ ಮಾತ್ರ ಬಾಕಿ ಇಟ್ಟಿದ್ದೆ. ಪಾಠದಲ್ಲಿ ಅದೇ ಮೊದಲು ಬರುತ್ತದೆ, ನಾನು ತಪ್ಪಿಸಿಕೊಂಡು ತಿರುಗುತ್ತಿದ್ದೆ.

ಠಾಣೆ ದಾಟಿದ ಮೇಲೆ ಪಾರಸಿಕ್ ಗುಡ್ಡ ಅಡ್ಡ ಬರುತ್ತದೆ. 1854ರ ಹಳಿ ಗುಡ್ಡವನ್ನು ಬಳಸಿ ಕಳವಾ, ಮುಂಬ್ರಾ ಮೇಲೆ ಸುತ್ತಿ ದಿವಾಕ್ಕೆ ಹೋಯಿತು. 1916ರಲ್ಲಿ ಗುಡ್ಡವನ್ನೇ ಕೊರೆದು 1.3 ಕಿ.ಮೀ. ಉದ್ದದ ಪಾರಸಿಕ್ ಸುರಂಗ ಮಾಡಿ ಫಾಸ್ಟ್ ಗಾಡಿಗಳಿಗೆ ನೇರ ದಾರಿ ಕೊಟ್ಟರು. ಅಷ್ಟು ದುಡ್ಡು ಸುರಿದು ನೇರ ಮಾಡುವುದು ಯಾಕೆ? ವೇಗದಲ್ಲಿರುವ ವಸ್ತುವಿಗೆ ತಿರುಗುವುದು ಇಷ್ಟವಿಲ್ಲ. ತಡೆಯುವವರಿಲ್ಲದಿದ್ದರೆ ಅದು ನೇರ ಹೋಗುತ್ತದೆ. ತಿರುಗಿಸಬೇಕಾದರೆ ತಿರುವಿನ ಒಳಗಡೆಗೆ ಒಂದು ಬಲ ಬೇಕು, ಅದು ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಚಕ್ರಕ್ಕೆ ಆ ಬಲವನ್ನು ಹಳಿ ಕೊಡುತ್ತದೆ. ಹೊರಗಿನ ಹಳಿಯನ್ನು ಸ್ವಲ್ಪ ಎತ್ತರ ಇಟ್ಟು ಗಾಡಿಯ ಭಾರವೂ ಸಹಾಯ ಮಾಡುವ ಹಾಗೆ ಮಾಡುತ್ತಾರೆ. ಒಳಗೆ ಕೂತವನಿಗೆ ಸೀಟು ಕೊಡುತ್ತದೆ, ನಿಂತವನಿಗೆ ಗಾಡಿಯ ನೆಲ ಕೊಡುತ್ತದೆ. ಬಾಗಿಲಲ್ಲಿ ನೇತಾಡುವವನಿಗೆ? ಅವನ ಬೆರಳು.

500 ಮೀಟರ್ ತ್ರಿಜ್ಯದ ತಿರುವು ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. 60 ಕೆಜಿ ಮನುಷ್ಯನಿಗೆ ಬೇಕಾದ ಬಲ 48 ನ್ಯೂಟನ್, ಅಂದರೆ ಐದು ಕೆಜಿ ಅಕ್ಕಿ ಚೀಲ ಪಕ್ಕಕ್ಕೆ ಜಗ್ಗಿದ ಹಾಗೆ. ಅಷ್ಟೇನಾ ಅನ್ನಿಸುತ್ತದೆ. ಆದರೆ ವೇಗ 90 ಆದರೆ 75 ನ್ಯೂಟನ್. ವೇಗ ಕಾಲು ಭಾಗ ಹೆಚ್ಚಿದರೆ ಬಲ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ಅದಕ್ಕೆ ಬೆನ್ನ ಮೇಲಿನ ಬ್ಯಾಗು, ಒಳಗಿನವರ ತಳ್ಳಾಟ, ಇಪ್ಪತ್ತು ನಿಮಿಷ ಹಿಡಿದು ಸೋತ ಕೈ, ಇವನ್ನೆಲ್ಲ ಸೇರಿಸಿಕೊಳ್ಳಿ. ಮಳೆಗಾಲದಲ್ಲಿ ಒದ್ದೆ ಕಂಬದ ಮೇಲೆ ಕೈ ಜಾರಬಹುದು.

1994ರ ಜುಲೈ. ಸಂಜೆಯ ಸ್ಲೋ ಲೋಕಲ್. ನನ್ನ ಗೆಳೆಯ ಕುರ್ಲಾದಲ್ಲಿ ಹತ್ತಿದ್ದ, ಒಳಗೆ ಹೋಗಲು ಆಗಿರಲಿಲ್ಲ ಅಂತ ಆಮೇಲೆ ಜೊತೆಗಿದ್ದವರು ಹೇಳಿದರು. ಕಳವಾ ಬಿಟ್ಟು ಮುಂಬ್ರಾ ಬರುವ ಮೊದಲು ಕೈ ಜಾರಿತು. ರೂಮಿನ ನಾಲ್ವರೂ ಅವನಿಗಾಗಿ ಅನ್ನ ಮುಚ್ಚಿಟ್ಟು ಕಾಯುತ್ತಿದ್ದೆವು. ಹನ್ನೊಂದಕ್ಕೆ ಸ್ಟೇಷನ್ನಿಗೆ ಹೋದೆವು, ಬೆಳಗಿನ ಜಾವ ಗೊತ್ತಾಯಿತು. ಊರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಎಸ್‌ಟಿಡಿ ಬೂತಿನಿಂದ ಅವರ ಮನೆಯ ಹತ್ತಿರದ ಅಂಗಡಿಗೆ ಫೋನ್ ಮಾಡಿ, ಅವನ ಅಪ್ಪನನ್ನು ಕರೆಸಿ... ಬೂತಿನ ಮೀಟರಿನಲ್ಲಿ ಕೆಂಪು ಅಂಕಿ ಓಡುತ್ತಿತ್ತು, ನನಗೆ ಮಾತು ಹೊರಡುತ್ತಿರಲಿಲ್ಲ. "ಯಾರು ಮಾರಾಯ್ರೆ? ಮಾತಾಡಿ, ಕೇಂತಿಲ್ಲೆ" ಅಂತ ಅವರು ಕೇಳುತ್ತಲೇ ಇದ್ದರು.

ಸೆಕೆಂಡಿಗೆ 20 ಮೀಟರ್ ವೇಗ ಅಂದರೆ ಎಷ್ಟು ಎತ್ತರದಿಂದ ಬಿದ್ದ ಹಾಗೆ? ವೇಗದ ವರ್ಗವನ್ನು 19.6ರಿಂದ ಭಾಗಿಸಬೇಕು. 20 ಮೀಟರ್ ಚಿಲ್ಲರೆ, ಏಳನೇ ಮಾಳಿಗೆ. ಬಾಗಿಲಲ್ಲಿ ನಿಂತವನಿಗೆ ನೆಲ ನಾಲ್ಕು ಅಡಿ ಕೆಳಗೆ ಕಾಣುತ್ತದೆ. ನಾಲ್ಕು ಅಡಿಯೇ ತಾನೆ ಅಂತ ಕಣ್ಣು ಹೇಳುತ್ತದೆ. ಗಾಡಿಯ ವೇಗ ತನ್ನ ಮೈಯಲ್ಲೂ ಇದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ, ಯಾಕೆಂದರೆ ಕಂಬಿಯೂ ಪಕ್ಕದವನೂ ಅದೇ ವೇಗದಲ್ಲಿದ್ದಾರೆ. ಅವನಿಗೆ ಇದು ಗೊತ್ತಿರಲಿಲ್ಲವೇ? ನಮ್ಮ ಐವರಲ್ಲಿ ಗೊತ್ತಿದ್ದವನು ಅವನೊಬ್ಬನೇ. ಗೊತ್ತಿದ್ದರೂ ಆ ಗಾಡಿ ಬಿಟ್ಟರೆ ಮುಂದಿನದೂ ಅಷ್ಟೇ ತುಂಬಿ ಬರುತ್ತದೆ ಅನ್ನುವುದೂ ಅವನಿಗೆ ಗೊತ್ತಿತ್ತು.

2022ರ ಫೆಬ್ರವರಿಯಲ್ಲಿ ಠಾಣೆ-ದಿವಾ ನಡುವಿನ ಐದನೆಯ, ಆರನೆಯ ಹಳಿ ಮುಗಿದ ಮೇಲೆ ಸುರಂಗದ ದಾರಿ ಮೇಲ್-ಎಕ್ಸ್‌ಪ್ರೆಸ್‌ಗಳಿಗೆ ಹೋಯಿತು, ಫಾಸ್ಟ್ ಲೋಕಲ್‌ಗಳು ಮುಂಬ್ರಾ ಕಡೆಗೆ ಬಂದವು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎರಡು ತುಂಬಿದ ಲೋಕಲ್‌ಗಳು ಎದುರುಬದುರು ಹಾದುಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು. ನಾಲ್ವರು ಅಂದೇ ತೀರಿಕೊಂಡರು. ಟಿವಿಯಲ್ಲಿ ಆ ಹಳಿ, ಆ ಗುಡ್ಡ ತೋರಿಸುವಾಗ ನಾನು ಎದ್ದು ಒಳಗೆ ಹೋದೆ. ತಾನಾಗಿ ಬಾಗಿಲು ಮುಚ್ಚುವ ಎಸಿ ಲೋಕಲ್ ನಮ್ಮ ಸೆಂಟ್ರಲ್ ರೈಲ್ವೆಯಲ್ಲಿ ಮೊದಲು ಓಡಿದ್ದು 2020ರ ಜನವರಿಯಲ್ಲಿ, ಠಾಣೆ-ವಾಶಿ-ಪನ್ವೇಲ್ ನಡುವೆ. ನಾನು ಆಗ ನವಿ ಮುಂಬಯಿಯ ಬ್ರಾಂಚಿನಲ್ಲಿದ್ದೆ, ಹತ್ತಿದ್ದೇನೆ. ಬಾಗಿಲು ಮುಚ್ಚಿದ ಕೂಡಲೇ ನನ್ನ ಕೈ ತಾನಾಗಿ ಸಡಿಲವಾಯಿತು. ಮುಂಬ್ರಾದ ನಂತರ ಸಾಮಾನ್ಯ ಲೋಕಲ್‌ಗೂ ಬಾಗಿಲು, ಜೊತೆಗೆ ಗಾಳಿ ಬರುವ ವ್ಯವಸ್ಥೆ ಮಾಡುತ್ತೇವೆ ಅಂತ ರೈಲ್ವೆ ಹೇಳಿತು.

ಮೊನ್ನೆ ಭಾನುವಾರ ಕೊನೆಗೂ ಮೊದಲ ನಿಯಮ ಹೇಳಿದೆ. ಗೆಳೆಯನ ವಿಷಯವನ್ನೂ ಹೇಳಿದೆ. ಅವನ ಡೈರಿ ನನ್ನ ಹತ್ತಿರ ಉಳಿದಿತ್ತು, ಟ್ರಂಕಿನ ಜೊತೆ ಕಳಿಸಬೇಕಾದದ್ದು, ನಾನೇ ಇಟ್ಟುಕೊಂಡೆ. ತೆಗೆದು ತೋರಿಸಿದೆ. ಅವಳು ಪುಟ ತಿರುವಿ ಒಂದು ಲೆಕ್ಕ ಹಿಡಿದು ಮೊಬೈಲಿನಲ್ಲಿ ಹಾಕಿ ನೋಡಿ, "ಬರೋಬರಿ ಅದ" ಅಂದಳು. ಇನ್ನು ಎರಡು ವರ್ಷಕ್ಕೆ ಅವಳೂ ಕಾಲೇಜಿಗೆ ಠಾಣೆಗೆ ಹೋಗುತ್ತಾಳಂತೆ, ಸಾಯನ್ಸ್ ಅಂತೆ. "ಬಾಗಿಲಲ್ಲಿ ಮಾತ್ರ ನಿಲ್ಲಬೇಡ, ಮಗೂ. ಲೇಡೀಸ್ ಡಬ್ಬದಲ್ಲೂ ಒಳಗೇ ನಿಲ್ಲು" ಅಂದೆ.

"ಒಳಗ ಜಾಗಾ ಎಲ್ಲಿ ಇರ್ತದ್ರಿ ಕಾಕಾ?" ಅಂದಳು.